ಸಹಕಾರ ಪಾಠ: ಕೂಡುಸಾಲ – ಜಪಾನ್ ಮತ್ತು ಆಫ್ರಿಕನ್ ಅಭಿವೃದ್ಧಿ ಬ್ಯಾಂಕಿನ ಉದಾಹರಣೆ



ಈ ಸಲದ ವಾರ್ಷಿಕ ಮಹಾಸಭೆಯ ಮುಂದೆ ಗೋದಾಮು ಹಾಗೂ ಸಿಮೆಂಟ್ ಕಣದ ಯೋಜನೆ ಬರಲಿದೆ. ಇದಕ್ಕೆ ಬೇಕಾದ ಹಣ ಒಂದೇ ಕಡೆಯಿಂದ ದೊರೆಯುವಂತಿಲ್ಲ. ಎರಡು ಸಂಸ್ಥೆಗಳಿಂದ ಸಾಲ ಪಡೆದು, ಉಳಿದದ್ದನ್ನು ಸದಸ್ಯರ ಷೇರಿನಿಂದ ಕೂಡಿಸಬೇಕೆಂಬ ಸಲಹೆ ಆಡಳಿತ ಮಂಡಳಿಯ ಮುಂದಿದೆ. "ಒಂದು ಕಟ್ಟಡಕ್ಕೆ ಇಬ್ಬರು ಸಾಹುಕಾರರು ಯಾಕೆ? ನಾಳೆ ಇಬ್ಬರೂ ಬಾಗಿಲಿಗೆ ಬಂದು ನಿಂತರೆ ಯಾರಿಗೆ ಉತ್ತರ ಹೇಳುವುದು?" ಎಂದು ಹಲವು ಸದಸ್ಯರು ಕೇಳುತ್ತಿದ್ದಾರೆ. ಇದು ಕೇಳಲೇಬೇಕಾದ ಪ್ರಶ್ನೆ. ಕೈ ಎತ್ತುವ ಮೊದಲು ಪ್ರತಿಯೊಬ್ಬ ಸದಸ್ಯನೂ ಇದರ ಉತ್ತರವನ್ನು ತಿಳಿದಿರಬೇಕು.

ಒಂದು ಕೆಲಸಕ್ಕೆ ಇಬ್ಬರು ಅಥವಾ ಹೆಚ್ಚು ಮಂದಿ ಸಾಲಗಾರರು ಕೂಡಿ ಹಣ ಹಾಕುವ ಪದ್ಧತಿಗೆ ಬ್ಯಾಂಕಿನವರು 'ಕೋಫೈನಾನ್ಸಿಂಗ್' ಎನ್ನುತ್ತಾರೆ. ನಾವು ಇದನ್ನು 'ಕೂಡುಸಾಲ' ಎಂದು ಕರೆಯೋಣ. ದೇಶದೇಶಗಳ ನಡುವೆ ಈ ಪದ್ಧತಿ ದೊಡ್ಡ ಪ್ರಮಾಣದಲ್ಲಿ ನಡೆಯುತ್ತಿದೆ. ದೊಡ್ಡದರಲ್ಲಿ ಲೆಕ್ಕ ಸ್ಪಷ್ಟವಾಗಿ ಕಾಣುವುದರಿಂದ, ಜಪಾನ್ ದೇಶ ಮತ್ತು ಆಫ್ರಿಕನ್ ಅಭಿವೃದ್ಧಿ ಬ್ಯಾಂಕಿನ ನಡುವಿನ ಪಾಲುದಾರಿಕೆಯನ್ನೇ ಈ ಪಾಠಕ್ಕೆ ಆರಿಸಿಕೊಂಡಿದೆ.

1. ಪ್ರಾದೇಶಿಕ ಅಭಿವೃದ್ಧಿ ಬ್ಯಾಂಕ್ ಎಂದರೇನು?

ಒಂದು ಭೂಭಾಗದ ದೇಶಗಳು ಸೇರಿ, ತಮ್ಮ ತಮ್ಮ ಷೇರು ಹಾಕಿ ಕಟ್ಟಿಕೊಂಡ ಬ್ಯಾಂಕೇ ಪ್ರಾದೇಶಿಕ ಅಭಿವೃದ್ಧಿ ಬ್ಯಾಂಕ್. ಅದರ ಸದಸ್ಯರು ವ್ಯಕ್ತಿಗಳಲ್ಲ, ಸರ್ಕಾರಗಳು. ಆಗತಾನೆ ಸ್ವತಂತ್ರವಾಗಿದ್ದ ಆಫ್ರಿಕಾದ ದೇಶಗಳು 1963ರ ಆಗಸ್ಟ್‌ನಲ್ಲಿ ಸುಡಾನಿನ ಖಾರ್ಟೂಮ್ ನಗರದಲ್ಲಿ ಸೇರಿ ಇಂಥ ಬ್ಯಾಂಕಿನ ಒಡಂಬಡಿಕೆಗೆ ಸಹಿ ಹಾಕಿದವು. 1966ರ ಜುಲೈಯಲ್ಲಿ ಬ್ಯಾಂಕ್ ಕೆಲಸ ಆರಂಭಿಸಿತು. ಇದರ ಕೇಂದ್ರ ಕಚೇರಿ ಐವರಿ ಕೋಸ್ಟ್ ದೇಶದ ಅಬಿಜಾನ್ ನಗರದಲ್ಲಿದೆ. ತೀರ ಬಡ ದೇಶಗಳಿಗೆ ಸುಲಭ ಷರತ್ತಿನ ಸಾಲ ಕೊಡುವುದಕ್ಕೆಂದು 1972ರಲ್ಲಿ ಆಫ್ರಿಕನ್ ಅಭಿವೃದ್ಧಿ ನಿಧಿ ಎಂಬ ಇನ್ನೊಂದು ಅಂಗವೂ ಸ್ಥಾಪನೆಯಾಯಿತು.

ಮೊದಲ ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಹೊರಗಿನ ದೇಶಗಳಿಗೆ ಈ ಬ್ಯಾಂಕಿನಲ್ಲಿ ಷೇರು ಇರಲಿಲ್ಲ. ಹೊರಗಿನವರ ಹಣ ಬಂದರೆ ಅವರ ಮಾತೂ ಬರುತ್ತದೆ ಎಂಬ ಅಳುಕು ಇತ್ತು. ಆದರೆ ಸ್ವಂತ ಬಂಡವಾಳ ಸಾಲದೆ, 1982ರಲ್ಲಿ ಬಾಗಿಲು ತೆರೆಯಬೇಕಾಯಿತು. 1983ರಲ್ಲಿ ಜಪಾನೂ ನಮ್ಮ ಭಾರತವೂ ಸದಸ್ಯರಾದವು. 2017ರ ಮೇ ತಿಂಗಳಲ್ಲಿ ಈ ಬ್ಯಾಂಕಿನ ವಾರ್ಷಿಕ ಸಭೆ ಗುಜರಾತಿನ ಗಾಂಧಿನಗರದಲ್ಲೇ ನಡೆಯಿತು. ಬಾಗಿಲು ತೆರೆದರೂ ಕೀಲಿಕೈಯನ್ನು ಅವರು ಬಿಟ್ಟುಕೊಡಲಿಲ್ಲ. ಷೇರಿನಲ್ಲಿ ಸುಮಾರು ಶೇಕಡಾ 60ರಷ್ಟು ಆಫ್ರಿಕಾದ ದೇಶಗಳ ಕೈಯಲ್ಲೇ ಉಳಿಯಬೇಕು, ಅಧ್ಯಕ್ಷರು ಆಫ್ರಿಕಾದವರೇ ಆಗಿರಬೇಕು ಎಂಬ ಕಟ್ಟುಪಾಡು ಮಾಡಿಕೊಂಡರು.

ಇಲ್ಲಿ ನಮಗೂ ಅವರಿಗೂ ಒಂದು ವ್ಯತ್ಯಾಸವಿದೆ. ನಮ್ಮ ಸಂಘದಲ್ಲಿ ಒಂದು ಎಕರೆಯವನಿಗೂ ಹತ್ತು ಎಕರೆಯವನಿಗೂ ಒಂದೇ ಮತ. ಅಲ್ಲಿ ಷೇರು ಹೆಚ್ಚಾದಂತೆ ಮತವೂ ಹೆಚ್ಚು. ಆದುದರಿಂದಲೇ ಶೇಕಡಾವಾರು ಹಂಚಿಕೆಗೆ ಅಷ್ಟು ಮಹತ್ವ.

2. ಕೂಡುಸಾಲದಲ್ಲಿ ಎರಡು ಬಗೆ

ಮೊದಲನೆಯದು ಜಂಟಿ ಸಾಲ. ಇದರಲ್ಲಿ ಪ್ರತಿಯೊಂದು ಬಿಲ್ಲಿಗೂ ಇಬ್ಬರೂ ಗೊತ್ತುಮಾಡಿಕೊಂಡ ಪ್ರಮಾಣದಲ್ಲಿ ಹಣ ಕೊಡುತ್ತಾರೆ. ಸಿಮೆಂಟಿನ ಬಿಲ್ಲು ಬಂದರೆ ಒಬ್ಬರದು 60 ಪಾಲು, ಇನ್ನೊಬ್ಬರದು 40 ಪಾಲು. ಟೆಂಡರಿನ ನಿಯಮ, ಲೆಕ್ಕ ತಪಾಸಣೆ, ವರದಿ ಎಲ್ಲವೂ ಒಂದೇ.

ಎರಡನೆಯದು ಸಮಾನಾಂತರ ಸಾಲ. ಇದರಲ್ಲಿ ಕೆಲಸವನ್ನೇ ಭಾಗ ಮಾಡಿಕೊಳ್ಳುತ್ತಾರೆ. ಗೋದಾಮು ಒಬ್ಬರ ಹಣದಲ್ಲಿ, ಕಣ ಇನ್ನೊಬ್ಬರ ಹಣದಲ್ಲಿ. ಅವರವರ ಭಾಗಕ್ಕೆ ಅವರವರ ನಿಯಮ. ಸಾಲ ಕೊಡುವವರಿಗೆ ಇದು ಸುಲಭ. ಪಡೆಯುವವರಿಗೆ ಮಾತ್ರ ಎರಡು ಪುಸ್ತಕ, ಎರಡು ತಪಾಸಣೆ, ಎರಡು ಬಗೆಯ ನಮೂನೆ.

ಇವೆರಡರಿಂದ ಬೇರೆಯಾದ ಇನ್ನೊಂದಿದೆ. ಅದು ನಮಗೆ ಪರಿಚಯವಿರುವ ರೀಫೈನಾನ್ಸ್, ಅಂದರೆ ಪುನರ್ಧನ. ನಬಾರ್ಡ್ ಸಂಸ್ಥೆ ಅಪೆಕ್ಸ್ ಬ್ಯಾಂಕಿಗೆ, ಅಪೆಕ್ಸ್ ಬ್ಯಾಂಕು ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕಿಗೆ, ಅದು ಪ್ರಾಥಮಿಕ ಸಂಘಕ್ಕೆ, ಸಂಘ ಸದಸ್ಯನಿಗೆ ಕೊಡುವ ಸರಪಳಿ ಅದು. ಅಲ್ಲಿ ಸಾಲ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಇಳಿದು ಬರುತ್ತದೆ. ಕೂಡುಸಾಲದಲ್ಲಿ ಇಬ್ಬರೂ ಪಕ್ಕಪಕ್ಕದಲ್ಲಿ ನಿಂತು ಕೊಡುತ್ತಾರೆ. ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

3. ಜಪಾನಿನ ಏರ್ಪಾಡು

2005ರಲ್ಲಿ ಸ್ಕಾಟ್ಲೆಂಡಿನ ಗ್ಲೆನೀಗಲ್ಸ್‌ನಲ್ಲಿ ಎಂಟು ಶ್ರೀಮಂತ ರಾಷ್ಟ್ರಗಳ ಶೃಂಗಸಭೆ ನಡೆಯಿತು. ಆ ಸಂದರ್ಭದಲ್ಲಿ ಜಪಾನ್ ಮತ್ತು ಆಫ್ರಿಕನ್ ಅಭಿವೃದ್ಧಿ ಬ್ಯಾಂಕ್ ಸೇರಿ 'ಎಪ್ಸಾ' ಎಂಬ ಹೆಸರಿನ ಪಾಲುದಾರಿಕೆಯನ್ನು ಸಾರಿದವು. ಐದು ವರ್ಷಗಳಲ್ಲಿ 100 ಕೋಟಿ ಡಾಲರಿನವರೆಗೆ ಹಣ ಒದಗಿಸುವುದಾಗಿ ಜಪಾನ್ ಮಾತು ಕೊಟ್ಟಿತು. ಆಫ್ರಿಕಾದಲ್ಲಿ ಖಾಸಗಿ ಉದ್ಯಮ ಬೆಳೆಯಬೇಕು, ಅದಕ್ಕೆ ಬೇಕಾದ ರಸ್ತೆ, ವಿದ್ಯುತ್ತು, ಬ್ಯಾಂಕ್ ಸೌಲಭ್ಯ ಒದಗಬೇಕು ಎಂಬುದು ಉದ್ದೇಶ. ಮುಂದೆ ಹಂತಹಂತವಾಗಿ ಇದು ಬೆಳೆಯಿತು. 2020ರಿಂದ 2022ರ ಹಂತಕ್ಕೆ ಇಬ್ಬರದೂ ಸೇರಿ 350 ಕೋಟಿ ಡಾಲರ್ ಗುರಿ ಇತ್ತು. 2023ರಿಂದ 2025ರ ಹಂತಕ್ಕೆ 500 ಕೋಟಿ. 2025ರ ಆಗಸ್ಟ್‌ನಲ್ಲಿ ಯೊಕೊಹಾಮಾದ ಸಮ್ಮೇಳನದಲ್ಲಿ ಮುಂದಿನ ಮೂರು ವರ್ಷಗಳಿಗೆ 550 ಕೋಟಿಯವರೆಗೆ ಎಂದು ಸಾರಲಾಯಿತು.

ಈ ಹಣ ಮೂರು ಕಾಲುವೆಗಳಲ್ಲಿ ಹರಿಯುತ್ತದೆ.

(ಅ) ಸರ್ಕಾರಗಳಿಗೆ ಕೂಡುಸಾಲ. ರಸ್ತೆ, ಸೇತುವೆ, ವಿದ್ಯುತ್ ಮಾರ್ಗಗಳಿಗೆ ಬ್ಯಾಂಕೂ ಜಪಾನೂ ಪಕ್ಕಪಕ್ಕದಲ್ಲಿ ನಿಂತು ಸಾಲ ಕೊಡುತ್ತವೆ. ಜಪಾನಿನ ಪಾಲು ಯೆನ್ ಹಣದಲ್ಲಿ, 'ಜೈಕಾ' ಎಂಬ ಸರ್ಕಾರಿ ಸಂಸ್ಥೆಯ ಮೂಲಕ ಬರುತ್ತದೆ. 2008ರ ಅಕ್ಟೋಬರಿಗೆ ಮುಂಚೆ ಈ ಸಾಲದ ಕೆಲಸ ಜಪಾನಿನ ಅಂತರರಾಷ್ಟ್ರೀಯ ಸಹಕಾರ ಬ್ಯಾಂಕಿನ ಕೈಯಲ್ಲಿತ್ತು.

(ಆ) ಬ್ಯಾಂಕಿಗೇ ಸಾಲ. ಜೈಕಾ ಸಂಸ್ಥೆ ಆಫ್ರಿಕನ್ ಬ್ಯಾಂಕಿಗೆ ಸಾಲ ಕೊಡುತ್ತದೆ. ಬ್ಯಾಂಕು ಅದನ್ನು ಖಾಸಗಿ ಉದ್ಯಮಗಳಿಗೂ, ಸಣ್ಣ ಉದ್ಯಮಿಗಳಿಗೆ ಸಾಲ ಕೊಡುವ ಸ್ಥಳೀಯ ಹಣಕಾಸು ಸಂಸ್ಥೆಗಳಿಗೂ ದಾಟಿಸುತ್ತದೆ. ಇದು ನಮ್ಮ ನಬಾರ್ಡ್ ಸರಪಳಿಯ ಸೋದರ ಎನ್ನಬಹುದು.

(ಇ) ತಾಂತ್ರಿಕ ನೆರವಿನ ದಾನ. ಯೋಜನೆಯ ವರದಿ ತಯಾರಿಸುವುದು, ಲೆಕ್ಕಪತ್ರ ಇಡಲು ಕಲಿಸುವುದು, ಸಣ್ಣ ಉದ್ಯಮಿಗಳಿಗೆ ತರಬೇತಿ ಕೊಡುವುದು ಇತ್ಯಾದಿಗಳಿಗೆ ಈ ನಿಧಿ. ಇದನ್ನು ಹಿಂದಿರುಗಿಸಬೇಕಾಗಿಲ್ಲ. ಮೊತ್ತ ಸಣ್ಣದು. ಆದರೆ ಸರಿಯಾದ ಯೋಜನಾ ವರದಿಯಿಲ್ಲದೆ ದೊಡ್ಡ ಸಾಲ ಮಂಜೂರಾಗುವುದಿಲ್ಲ ಎಂಬುದನ್ನು ನೆನೆದರೆ ಇದರ ಬೆಲೆ ತಿಳಿಯುತ್ತದೆ.

4. ಒಂದು ರಸ್ತೆ, ಒಂದು ಸೇತುವೆ

ಟಾಂಜಾನಿಯಾದ ಅರುಷಾ ಪಟ್ಟಣದ ಸುತ್ತಮುತ್ತ ಕಾಫಿ ಬೆಳೆಯುವ ನಾಡು. ನಮ್ಮಂತೆಯೇ ಅಲ್ಲಿಯೂ ಸಣ್ಣ ಬೆಳೆಗಾರರೇ ಬಹಳ. ಅರುಷಾದಿಂದ ಗಡಿ ಊರಾದ ನಮಂಗಾ ದಾಟಿ ಕೀನ್ಯಾದ ಅಥಿ ರಿವರ್ ಎಂಬಲ್ಲಿಯವರೆಗೆ ಸುಮಾರು 240 ಕಿಲೋಮೀಟರ್ ರಸ್ತೆಯನ್ನು ಈ ಪಾಲುದಾರಿಕೆಯ ಮೊದಲ ವರ್ಷಗಳಲ್ಲಿಯೇ ಕೈಗೆತ್ತಿಕೊಳ್ಳಲಾಯಿತು. ಬ್ಯಾಂಕಿನ ಅಭಿವೃದ್ಧಿ ನಿಧಿ ಸಾಲ ಕೊಟ್ಟಿತು. ಟಾಂಜಾನಿಯಾದ ಭಾಗಕ್ಕೆ 2007ರಲ್ಲಿ ಜಪಾನೂ ಸಾಲ ಕೊಟ್ಟಿತು.

ರಸ್ತೆಗೂ ಬೆಳೆಗಾರನಿಗೂ ಸಂಬಂಧವೇನು? ಅರೇಬಿಕಾದ ದರ ನ್ಯೂಯಾರ್ಕಿನಲ್ಲಿ, ರೊಬಸ್ಟಾದ ದರ ಲಂಡನ್ನಿನಲ್ಲಿ ನಿರ್ಣಯವಾಗುತ್ತದೆ. ಅದರಲ್ಲಿ ಬಂದರಿನವರೆಗಿನ ಸಾಗಣೆ, ಗಡಿಯಲ್ಲಿ ಕಾಯುವ ಖರ್ಚು, ನಡುವಿನವರ ಪಾಲು ಕಳೆದು ಉಳಿದದ್ದೇ ತೋಟದ ಬಾಗಿಲಿನ ದರ. ಲಂಡನ್ ದರವನ್ನು ಬದಲಿಸುವ ಶಕ್ತಿ ಟಾಂಜಾನಿಯಾದ ಬೆಳೆಗಾರನಿಗೂ ಇಲ್ಲ, ನಮಗೂ ಇಲ್ಲ. ಕಳೆಯುವ ಖರ್ಚನ್ನು ಕಡಿಮೆ ಮಾಡುವುದಷ್ಟೇ ಸಾಧ್ಯ. ಸಾಗಣೆಯಲ್ಲಿ ಉಳಿದ ಹಣವನ್ನು ನಡುವಿನವರು ನುಂಗದೆ ಬೆಳೆಗಾರನಿಗೆ ಮುಟ್ಟಿಸುವುದಕ್ಕೆ ಸಹಕಾರ ಸಂಘ ಬೇಕು. ರಸ್ತೆ ಮತ್ತು ಸಂಘ ಎರಡೂ ಇದ್ದಲ್ಲಿ ಮಾತ್ರ ಲಾಭ ತೋಟಕ್ಕೆ ಬರುತ್ತದೆ.

ಇನ್ನು ಸೇತುವೆ. ಜಾಂಬಿಯ ಮತ್ತು ಬೋಟ್ಸ್ವಾನಾ ದೇಶಗಳ ನಡುವೆ ಜಾಂಬೆಜಿ ನದಿ ಹರಿಯುತ್ತದೆ. ಕಜುಂಗುಲಾ ಎಂಬಲ್ಲಿ ಲಾರಿಗಳನ್ನು ತೆಪ್ಪದಂಥ ದೊಡ್ಡ ದೋಣಿಯ ಮೇಲೆ ದಾಟಿಸುತ್ತಿದ್ದರು. ಸರದಿಗಾಗಿ ಲಾರಿಗಳು ದಿನಗಟ್ಟಲೆ ನಿಲ್ಲುತ್ತಿದ್ದವು. 2003ರಲ್ಲಿ ಮಿತಿಮೀರಿ ಹೇರಿದ್ದ ಲಾರಿಯೊಂದರಿಂದ ದೋಣಿ ಮಗುಚಿ 18 ಮಂದಿ ಪ್ರಾಣ ಕಳೆದುಕೊಂಡರು. ಅಲ್ಲಿ 923 ಮೀಟರ್ ಉದ್ದದ ಸೇತುವೆ ಕಟ್ಟಲು ಜೈಕಾ ಎರಡೂ ದೇಶಗಳಿಗೆ ಸಾಲ ಕೊಟ್ಟಿತು. ಆಫ್ರಿಕನ್ ಅಭಿವೃದ್ಧಿ ನಿಧಿ ಜಾಂಬಿಯಕ್ಕೆ ಸಾಲ ಕೊಟ್ಟಿತು. ಎರಡು ಸರ್ಕಾರಗಳೂ ತಮ್ಮ ಪಾಲು ಹಾಕಿದವು. ಒಟ್ಟು ವೆಚ್ಚ ಸುಮಾರು 26 ಕೋಟಿ ಡಾಲರ್. ಪಕ್ಕದ ಜಿಂಬಾಬ್ವೆಯ ಗಡಿಯನ್ನು ಮುಟ್ಟದಂತೆ ಸೇತುವೆಯನ್ನು ಬಾಗಿಸಿ ಕಟ್ಟಲಾಗಿದೆ. 2014ರಲ್ಲಿ ಕೆಲಸ ಆರಂಭವಾಗಿ 2021ರ ಮೇ 10ರಂದು ಉದ್ಘಾಟನೆಯಾಯಿತು.

ಇದರಲ್ಲಿ ಎರಡು ಅಂಶಗಳನ್ನು ಗಮನಿಸಬೇಕು. ಒಂದು, ಕಟ್ಟಿದ ಕಂಪನಿ ಜಪಾನಿನದಲ್ಲ, ದಕ್ಷಿಣ ಕೊರಿಯಾದ್ದು. ಅಂದರೆ ಸಾಲ ಕೊಟ್ಟ ದೇಶದವರಿಗೇ ಗುತ್ತಿಗೆ ಕೊಡಬೇಕೆಂಬ ಕಟ್ಟು ಇರಲಿಲ್ಲ. ಇನ್ನೊಂದು, ಸೇತುವೆಯ ಜೊತೆಗೇ ಎರಡೂ ದೇಶಗಳ ಸುಂಕದ ಕೆಲಸ ಒಂದೇ ಕಡೆ ಮುಗಿಯುವಂತೆ ಗಡಿ ಠಾಣೆಗಳನ್ನೂ ಕಟ್ಟಿದರು. ಹೊಳೆ ದಾಟಲು ಹತ್ತು ನಿಮಿಷ ಸಾಕಾಗಿ, ಕಾಗದಪತ್ರಕ್ಕೆ ಎರಡು ದಿನ ಬೇಕಾದರೆ ಸೇತುವೆ ಇದ್ದೂ ಪ್ರಯೋಜನವಿಲ್ಲ.

5. ಕೊಡುವವರಿಗೆ ಏನು ಲಾಭ?

ಹತ್ತಾಳಿನ ಹುಲ್ಲುಕಡ್ಡಿ ಒಬ್ಬಾಳಿನ ತಲೆಹೊರೆ ಎಂಬ ಗಾದೆ ಸಾಲಕ್ಕೂ ಸಲ್ಲುತ್ತದೆ. ಒಂದು ದೊಡ್ಡ ಯೋಜನೆಯ ಅಪಾಯವನ್ನು ಒಬ್ಬರೇ ಹೊರುವುದಕ್ಕಿಂತ ಇಬ್ಬರು ಹೊತ್ತರೆ ಭಾರ ಹಗುರ. ಅಲ್ಲದೆ ಜಪಾನಿಗೆ ಆಫ್ರಿಕಾದ ಪ್ರತಿ ದೇಶದಲ್ಲೂ ಕಚೇರಿ, ಇಂಜಿನಿಯರು, ಲೆಕ್ಕಿಗರನ್ನು ಇಡುವುದು ಕಷ್ಟ. ಬ್ಯಾಂಕಿನವರಿಗೆ ಆ ನೆಲದ ಅನುಭವವಿದೆ. ಬ್ಯಾಂಕಿಗೆ ಅನುಭವವಿದ್ದರೂ ಬಂಡವಾಳಕ್ಕೆ ಮಿತಿ ಇದೆ. ಒಬ್ಬರ ಹಣ, ಇನ್ನೊಬ್ಬರ ಪರಿಚಯ ಕೂಡಿದಾಗ ಇಬ್ಬರ ಕೆಲಸವೂ ಆಗುತ್ತದೆ. ಜೊತೆಗೆ ಜಪಾನಿನ ಹೆಸರೂ ವ್ಯಾಪಾರ ಸಂಬಂಧವೂ ಬೆಳೆಯುತ್ತದೆ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಸಾಲ ಪಡೆಯುವವನು ಕೊಡುವವನ ಲಾಭವನ್ನೂ ಅರಿತಿದ್ದರೆ ಷರತ್ತಿನ ಮಾತುಕತೆಯಲ್ಲಿ ಗಟ್ಟಿಯಾಗಿ ನಿಲ್ಲಬಹುದು.

6. ಪಡೆಯುವವರಿಗೆ ಲಾಭವೆಷ್ಟು, ಅಪಾಯವೆಷ್ಟು?

ಮೊದಲು ಲಾಭ. ಅರುಷಾ ರಸ್ತೆಯ ಕಾಲದಲ್ಲಿ ತೀರ ಬಡ ದೇಶಗಳಿಗೆ ಯೆನ್ ಸಾಲದ ಬಡ್ಡಿ ವರ್ಷಕ್ಕೆ ಶೇಕಡಾ 0.01. ತೀರುವಳಿಗೆ 40 ವರ್ಷ. ಅದರಲ್ಲಿ ಮೊದಲ 10 ವರ್ಷ ಅಸಲಿನ ಕಂತೇ ಇಲ್ಲ. ಅಭಿವೃದ್ಧಿ ನಿಧಿಯ ಸಾಲಕ್ಕೆ ಬಡ್ಡಿ ಇಲ್ಲ, ಶೇಕಡಾ 0.75 ಸೇವಾ ಶುಲ್ಕ ಮಾತ್ರ, ತೀರುವಳಿಗೆ 50 ವರ್ಷ. ಆದರೆ ಅಲ್ಲಿಯೂ ಒಂದು ಸಣ್ಣ ಅಕ್ಷರದ ಷರತ್ತಿತ್ತು. ಮಂಜೂರಾದ ಸಾಲವನ್ನು ಎತ್ತದೆ ಬಿಟ್ಟರೆ, ಎತ್ತದ ಮೊತ್ತದ ಮೇಲೂ ಶೇಕಡಾ 0.50 ಶುಲ್ಕ ಕಟ್ಟಬೇಕಾಗಿತ್ತು. ಕೆಲಸ ತಡವಾದರೆ ಸುಮ್ಮನೆ ಕುಳಿತ ಹಣಕ್ಕೂ ಖರ್ಚು ಎಂದಾಯಿತು.

ಈಗ ಅಪಾಯ. ಮೊದಲನೆಯದು ನಾಣ್ಯದ ವಿನಿಮಯ ದರ. ಯೆನ್‌ನಲ್ಲಿ ಪಡೆದ ಸಾಲವನ್ನು ಯೆನ್‌ನಲ್ಲೇ ತೀರಿಸಬೇಕು. 1985ರ ಆರಂಭದಲ್ಲಿ ಒಂದು ಡಾಲರಿಗೆ ಸುಮಾರು 250 ಯೆನ್ ಇತ್ತು. 1988ರ ಹೊತ್ತಿಗೆ ಅದು ಸುಮಾರು 125ಕ್ಕೆ ಇಳಿಯಿತು. ಆಗ 25,000 ಯೆನ್ ಸಾಲವಿದ್ದವನಿಗೆ ಡಾಲರ್ ಲೆಕ್ಕದಲ್ಲಿ 100 ಇದ್ದ ಅಸಲು 200 ಆಯಿತು. ಬಡ್ಡಿ ಹೆಚ್ಚಲಿಲ್ಲ, ಹೊಸ ಸಾಲ ತೆಗೆಯಲಿಲ್ಲ, ಆದರೂ ಹೊರೆ ಇಮ್ಮಡಿ. 2012ರಲ್ಲಿ ಸುಮಾರು 80 ಯೆನ್ ಇದ್ದ ಡಾಲರ್ 2024ರ ಮಧ್ಯದಲ್ಲಿ 160ರವರೆಗೆ ಹೋಯಿತು. ಆ ಕಾಲದಲ್ಲಿ ಯೆನ್ ಸಾಲದವನ ಹೊರೆ ಡಾಲರ್ ಲೆಕ್ಕದಲ್ಲಿ ಅರ್ಧವಾಯಿತು. ಅಗ್ಗದ ಬಡ್ಡಿಯನ್ನು ಮಾತ್ರ ನೋಡಿ ಸಾಲ ಪಡೆಯುವವನು ಈ ಏರಿಳಿತವನ್ನೂ ಜೊತೆಗೇ ಪಡೆದಿರುತ್ತಾನೆ.

ಎರಡನೆಯದು ಒಟ್ಟು ಸಾಲದ ಹೊರೆ. ಕಜುಂಗುಲಾ ಸೇತುವೆ ಉದ್ಘಾಟನೆಯಾಗುವ ಆರು ತಿಂಗಳು ಮೊದಲು, 2020ರ ನವೆಂಬರಿನಲ್ಲಿ, ಜಾಂಬಿಯ ತನ್ನ ವಿದೇಶಿ ಬಾಂಡಿನ ಬಡ್ಡಿ ಕಟ್ಟಲಾರದೆ ಕೈಚೆಲ್ಲಿತು. ಅಗ್ಗದ ಸೇತುವೆ ಸಾಲದಿಂದ ಈ ಸ್ಥಿತಿ ಬಂದದ್ದಲ್ಲ. ಆದರೆ ಒಳ್ಳೆಯ ಸಾಲವೂ ದುಬಾರಿ ಸಾಲವೂ ಒಂದೇ ಖಜಾನೆಯಿಂದ ತೀರಬೇಕಲ್ಲವೇ? 2023ರ ಜೂನ್‌ನಲ್ಲಿ ಸಾಲ ಕೊಟ್ಟ ದೇಶಗಳು ಕಂತುಗಳನ್ನು ಮುಂದೂಡಲು ಒಪ್ಪಿದವು. ಇಂಥ ಹೊಂದಾಣಿಕೆಗಳಲ್ಲಿ ಅಭಿವೃದ್ಧಿ ಬ್ಯಾಂಕುಗಳ ಸಾಲವನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಅವಕ್ಕೆ ಮೊದಲ ಪಂಕ್ತಿ. ದೇಶಗಳು ಕೊಟ್ಟ ಸಾಲ ನಂತರದ ಪಂಕ್ತಿ. ಆದುದರಿಂದ ಕೂಡುಸಾಲದಲ್ಲಿ ಪಕ್ಕಪಕ್ಕದಲ್ಲಿ ನಿಂತವರು ಕಷ್ಟಕಾಲದಲ್ಲಿ ಹಿಂದುಮುಂದಾಗುತ್ತಾರೆ. 2023ರ ನಂತರದ ಹಂತದಲ್ಲಿ 100 ಕೋಟಿ ಡಾಲರಿನವರೆಗೆ ಒಂದು ವಿಶೇಷ ಭಾಗವನ್ನು, ತಮ್ಮ ಸಾಲದ ಲೆಕ್ಕವನ್ನು ಬಯಲಿಗಿಟ್ಟು ಸುಧಾರಿಸಿಕೊಳ್ಳುವ ದೇಶಗಳಿಗೆಂದೇ ಜಪಾನ್ ಮೀಸಲಿಟ್ಟದ್ದಕ್ಕೆ ಹಿನ್ನೆಲೆ ಇದೇ.

7. ನಮ್ಮ ರಾಜ್ಯದಲ್ಲಿಯೂ ಉಂಟು

ಆಫ್ರಿಕಾದ ಮಾತು ನಮಗೇಕೆ ಎನ್ನುವವರು ಬೆಂಗಳೂರಿನ ಮೆಟ್ರೋ ರೈಲನ್ನು ನೋಡಬಹುದು. ಸೆಂಟ್ರಲ್ ಸಿಲ್ಕ್ ಬೋರ್ಡ್‌ನಿಂದ ಕೃಷ್ಣರಾಜಪುರದ ಮೂಲಕ ಕೆಂಪೇಗೌಡ ವಿಮಾನ ನಿಲ್ದಾಣದವರೆಗಿನ ಸುಮಾರು 58 ಕಿಲೋಮೀಟರ್ ಮಾರ್ಗಕ್ಕೆ ಮನಿಲಾದ ಏಷ್ಯನ್ ಅಭಿವೃದ್ಧಿ ಬ್ಯಾಂಕ್ 2020ರ ಡಿಸೆಂಬರಿನಲ್ಲಿ 50 ಕೋಟಿ ಡಾಲರ್ ಸಾಲ ಮಂಜೂರು ಮಾಡಿತು. 2021ರ ಮಾರ್ಚ್‌ನಲ್ಲಿ ಜೈಕಾ ಸಂಸ್ಥೆ ಸುಮಾರು 5,200 ಕೋಟಿ ಯೆನ್ ಸಾಲಕ್ಕೆ ಸಹಿ ಹಾಕಿತು. ಬ್ಯಾಂಕು ಬೇರೆ, ಏರ್ಪಾಡು ಅದೇ.

8. ನಮ್ಮ ಗೋದಾಮಿಗೆ ಈ ಪಾಠ

ಕೊಯ್ಲಿನ ಕಾಲದಲ್ಲಿ ಬೀಳುವ ಅಕಾಲ ಮಳೆಗೆ ಕಣದಲ್ಲಿ ಚೆರಿ ಕಪ್ಪಾಗಿ, ಸುಲಿದ ಅಡಿಕೆ ಬೂಷ್ಟು ಹಿಡಿದು ಆಗುವ ನಷ್ಟ ಎಲ್ಲರಿಗೂ ಗೊತ್ತಿದೆ. ಇಡಲು ಜಾಗವಿಲ್ಲದೆ, ದರ ಕೆಳಗಿದ್ದಾಗಲೇ ಮಾರಬೇಕಾದ ಕಷ್ಟವೂ ಗೊತ್ತಿದೆ. ಗೋದಾಮು ಬೇಕು ಎನ್ನುವುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಲೆಕ್ಕವನ್ನು ಮಾತ್ರ ಕಣ್ಣು ಬಿಟ್ಟು ನೋಡೋಣ. ಕೆಳಗಿನ ಅಂಕಿಗಳು ತಿಳಿವಳಿಕೆಗಾಗಿ ಮಾತ್ರ. ನಿಜವಾದ ಅಂಕಿಗಳನ್ನು ಮಹಾಸಭೆಯ ಮುಂದಿಡಲಾಗುವುದು.

ವೆಚ್ಚ 60 ಲಕ್ಷ ಎಂದು ಇಟ್ಟುಕೊಳ್ಳೋಣ. ಮೊದಲ ಸಂಸ್ಥೆಯಿಂದ ಶೇಕಡಾ 9ರಂತೆ 30 ಲಕ್ಷ, ಎರಡನೆಯದರಿಂದ ಶೇಕಡಾ 6ರಂತೆ 18 ಲಕ್ಷ, ಸದಸ್ಯರ ಷೇರು 12 ಲಕ್ಷ. ಮೊದಲ ವರ್ಷದ ಬಡ್ಡಿ 2.70 ಲಕ್ಷ ಮತ್ತು 1.08 ಲಕ್ಷ, ಒಟ್ಟು 3.78 ಲಕ್ಷ. 48 ಲಕ್ಷದ ಮೇಲೆ ಸರಾಸರಿ ಶೇಕಡಾ 7.88 ಆಯಿತು. ಒಂದೇ ಕಡೆ ಶೇಕಡಾ 9ರಂತೆ ಪಡೆದಿದ್ದರೆ 4.32 ಲಕ್ಷ ಆಗುತ್ತಿತ್ತು. ಉಳಿತಾಯ ವರ್ಷಕ್ಕೆ 54,000 ರೂಪಾಯಿ.

ಈಗ ಆದಾಯ. 4,000 ಚೀಲ, ಚೀಲಕ್ಕೆ 60 ರೂಪಾಯಿ ಬಾಡಿಗೆಯಾದರೆ 2.40 ಲಕ್ಷ. ಬಡ್ಡಿಗೇ 1.38 ಲಕ್ಷ ಕೊರತೆ. ಅಸಲಿನ ಮಾತು ಬಿಡಿ. ಗೋದಾಮಿನ ಬಾಡಿಗೆಯೊಂದರಿಂದಲೇ ಸಾಲ ತೀರುವುದಿಲ್ಲ ಎಂದು ಇದರಿಂದ ಸ್ಪಷ್ಟ. ಸದಸ್ಯರು ಸಂಘದ ಮೂಲಕವೇ ಒಟ್ಟಾಗಿ ಮಾರಿ, ಕಮಿಷನ್ ಸಂಘಕ್ಕೆ ಬಂದರೆ ಮಾತ್ರ ಲೆಕ್ಕ ಸರಿಹೋದೀತು. ಗೋದಾಮಿನಲ್ಲಿ ಇಟ್ಟು, ಮಾರುವಾಗ ಮಂಡಿಯ ದಾರಿ ಹಿಡಿದರೆ ಅತಿ ಅಗ್ಗದ ಕೂಡುಸಾಲವೂ ನಮ್ಮನ್ನು ಉಳಿಸಲಾರದು.

ಇನ್ನೊಂದು ಸಂಗತಿ. ಮೊದಲ ಸಂಸ್ಥೆಯ 30 ಲಕ್ಷ ಬಂದು ಗೋಡೆ ಎದ್ದು, ಎರಡನೆಯವರ ಹಣ ಒಂದು ವರ್ಷ ತಡವಾದರೆ, ಮಾಡಿಲ್ಲದ ಗೋಡೆಗೆ 2.70 ಲಕ್ಷ ಬಡ್ಡಿ ಕಟ್ಟಬೇಕಾಗುತ್ತದೆ. ಐದು ವರ್ಷದ ಉಳಿತಾಯ ಒಂದು ವರ್ಷದಲ್ಲಿ ಕರಗಿತು.

ಆದುದರಿಂದ ಒಪ್ಪಿಗೆ ಕೊಡುವ ಮೊದಲು ಸದಸ್ಯರು ಈ ಆರು ಪ್ರಶ್ನೆಗಳನ್ನು ಆಡಳಿತ ಮಂಡಳಿಗೂ ನನಗೂ ತಪ್ಪದೆ ಕೇಳಬೇಕು:

(1) ಸಾಲ ಜಂಟಿಯೇ, ಸಮಾನಾಂತರವೇ? ಟೆಂಡರೂ ತಪಾಸಣೆಯೂ ಯಾರ ನಿಯಮದಂತೆ?
(2) ಒಬ್ಬರು ತಡಮಾಡಿದರೆ ಇನ್ನೊಬ್ಬರ ಬಡ್ಡಿ ನಿಲ್ಲುತ್ತದೆಯೇ?
(3) ಅಸಲಿನ ಕಂತು ಯಾವ ವರ್ಷದಿಂದ, ಯಾವ ತಿಂಗಳಲ್ಲಿ? ಫಸಲು ಮಾರಿದ ಮೇಲೆಯೇ, ಅದಕ್ಕೂ ಮುಂಚೆಯೇ?
(4) ಎತ್ತದ ಹಣಕ್ಕೆ ಶುಲ್ಕವಿದೆಯೇ?
(5) ಅಡಮಾನದ ಮೇಲೆ ಮೊದಲ ಹಕ್ಕು ಯಾರದು?
(6) ಸಾಲ ಕೊಟ್ಟವರಿಗೆ ಆಡಳಿತ ಮಂಡಳಿಯಲ್ಲಿ ಸ್ಥಾನ ಬೇಕೆಂಬ ಷರತ್ತಿದೆಯೇ? ಇದ್ದರೆ ಎಷ್ಟು?

ಆಫ್ರಿಕಾದ ದೇಶಗಳು ಹೊರಗಿನ ಹಣವನ್ನು ಒಳಗೆ ಬಿಟ್ಟುಕೊಂಡವು, ಬಹುಪಾಲು ಷೇರನ್ನು ತಮ್ಮಲ್ಲೇ ಇಟ್ಟುಕೊಂಡವು. ಆರನೆಯ ಪ್ರಶ್ನೆಗೆ ನಮ್ಮ ಉತ್ತರವೂ ಅದೇ ಆಗಿರಬೇಕು.

ಅಭ್ಯಾಸಕ್ಕಾಗಿ (ಗ್ರಾಮ ಮಟ್ಟದ ಸದಸ್ಯರ ಕೂಟಗಳಲ್ಲಿ ಚರ್ಚಿಸಲು)

ಅ. ಕೂಡುಸಾಲಕ್ಕೂ ಪುನರ್ಧನಕ್ಕೂ ಇರುವ ವ್ಯತ್ಯಾಸವನ್ನು ನಿಮ್ಮ ಊರಿನ ಒಂದು ಉದಾಹರಣೆ ಕೊಟ್ಟು ವಿವರಿಸಿ.
ಆ. ಮೇಲಿನ ಲೆಕ್ಕದಲ್ಲಿ ಬಾಡಿಗೆಯಿಂದಲೇ ಬಡ್ಡಿ ತೀರಬೇಕಾದರೆ ಎಷ್ಟು ಚೀಲ ಬರಬೇಕು? (ಉತ್ತರ: 6,300)
ಇ. ಕಜುಂಗುಲಾದಲ್ಲಿ ಸೇತುವೆಯ ಜೊತೆಗೆ ಗಡಿ ಠಾಣೆ ಕಟ್ಟದಿದ್ದರೆ ಏನಾಗುತ್ತಿತ್ತು? ನಮ್ಮ ಗೋದಾಮಿನ ಜೊತೆಗೆ ಇನ್ನೇನು ಇರಲೇಬೇಕು?
ಈ. ನಿಮ್ಮ ತೋಟದ ಕಾಫಿ ಅಥವಾ ಅಡಿಕೆಯಲ್ಲಿ ಎಷ್ಟು ಚೀಲವನ್ನು ಸಂಘದ ಮೂಲಕವೇ ಮಾರಲು ಸಿದ್ಧರಿದ್ದೀರಿ?

ನಾಲ್ಕನೆಯ ಪ್ರಶ್ನೆಯ ಉತ್ತರವನ್ನು ಹೆಸರು ಮತ್ತು ಸದಸ್ಯತ್ವ ಸಂಖ್ಯೆ ಸಹಿತ ಬರೆದು, ಮಹಾಸಭೆಗೆ ಒಂದು ವಾರ ಮುಂಚಿತವಾಗಿ ಕಚೇರಿಗೆ ತಲುಪಿಸಬೇಕಾಗಿ ಕೋರಿಕೆ. ಯೋಜನೆಯ ಲೆಕ್ಕವನ್ನು ಆ ಅಂಕಿಗಳ ಮೇಲೆಯೇ ತಯಾರಿಸಲಾಗುವುದು.

– ಕಾರ್ಯದರ್ಶಿ